ಮಡಿಕೇರಿಯಲ್ಲಿ ಕುತ್ತಿಗೆಯ ಸ್ಕ್ಯಾನ್: ಚಿತ್ರ ಚೆನ್ನ, ರಿಪೋರ್ಟ್ ಇನ್ನೂ ಬಿಗಿಯಾಗಬೇಕು

ಕತ್ತಿನಲ್ಲೊಂದು ಗಂಟು ಎದ್ದರೆ, ಕೆನ್ನೆಯೊಳಗಿನ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಕೊಡಗಿನವರು ಮೈಸೂರಿಗೋ ಮಂಗಳೂರಿಗೋ ಬಸ್ಸು ಹತ್ತುವುದು ರೂಢಿ. ಮಡಿಕೇರಿಯಿಂದ ಎರಡು ಊರೂ ನೂರು ಕಿಲೋಮೀಟರಿಗಿಂತ ದೂರ. 2018ರ ಭೂಕುಸಿತದ ಮೇಲಂತೂ ಮಳೆಗಾಲದಲ್ಲಿ ಸಂಪಾಜೆ ದಾರಿಯನ್ನು ನಂಬಿ ದಿನ ಗೊತ್ತು ಮಾಡುವುದೇ ಕಷ್ಟ. ಹೀಗಿರುವಾಗ ಪೇಟೆಯ ನಡುವಿನ ಖಾಸಗಿ ಸ್ಕ್ಯಾನ್ ಸೆಂಟರೊಂದರಲ್ಲಿ ಕುತ್ತಿಗೆಯ ಅಲ್ಟ್ರಾಸೌಂಡ್, ಸೂಜಿ ಪರೀಕ್ಷೆ, ಕಾಂಟ್ರಾಸ್ಟ್ ಸಿ.ಟಿ. (ರಕ್ತನಾಳಕ್ಕೆ ಔಷಧಿ ಕೊಟ್ಟು ತೆಗೆಯುವ ಸ್ಕ್ಯಾನ್) ಮೂರೂ ಸಿಗುತ್ತಿರುವುದು ನಿಜವಾದ ಅನುಕೂಲ. ಆದರೆ ಆಪರೇಷನ್ ಮಾಡುವವರಿಗೆ ಆ ರಿಪೋರ್ಟ್ ಎಷ್ಟು ಕೆಲಸಕ್ಕೆ ಬರುತ್ತದೆ? ಈ ವಿಮರ್ಶೆಯ ಅಳತೆಗೋಲು ಅದೊಂದೇ.

ಅಲ್ಟ್ರಾಸೌಂಡ್ ವಿಭಾಗಕ್ಕೆ ಪೂರ್ಣ ಅಂಕ ಕೊಡಬಹುದು. ಥೈರಾಯ್ಡ್ ಗಂಟಿಗೆ ಸುಮ್ಮನೆ ‘ಗಂಟು ಇದೆ’ ಎಂದು ಬರೆದು ಕೈತೊಳೆದುಕೊಳ್ಳುವುದಿಲ್ಲ, ಅಮೆರಿಕದ ರೇಡಿಯಾಲಜಿ ವೈದ್ಯರ ಸಂಸ್ಥೆ ಎ.ಸಿ.ಆರ್. 2017ರಲ್ಲಿ ಹೊರತಂದ ಟೈರಾಡ್ಸ್ ಪ್ರಕಾರ ಅನುಮಾನದ ದರ್ಜೆ (ಟಿ.ಆರ್.) ಕೊಡುತ್ತಾರೆ, ಅಂಕಿ ಏರಿದಷ್ಟೂ ಅನುಮಾನ ಹೆಚ್ಚು. ಟಿ.ಆರ್. 3 ಆದರೆ 2.5 ಸೆಂ.ಮೀ., ಟಿ.ಆರ್. 4 ಆದರೆ 1.5, ಟಿ.ಆರ್. 5 ಆದರೆ 1 ಸೆಂ.ಮೀ. ಮುಟ್ಟಿದಾಗ ಸೂಜಿ ಪರೀಕ್ಷೆ. ಇದನ್ನು ಪಾಲಿಸುವುದರಿಂದ ಅನಗತ್ಯವಾಗಿ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ. ಇನ್ನೊಂದು ಒಳ್ಳೆಯ ಅಭ್ಯಾಸ: ದವಡೆಯ ಕೋನದ ಕೆಳಗಿನ ಯಾವ ಗಂಟಿಗೂ ಸೂಜಿ ಹಾಕುವ ಮೊದಲು ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿ ನೋಡುತ್ತಾರೆ. ಕೆರೋಟಿಡ್ ರಕ್ತನಾಳ ಎರಡಾಗಿ ಕವಲೊಡೆಯುವಲ್ಲಿ ಕುಳಿತು, ಆ ಕವಲನ್ನೇ ಅಗಲಿಸುವ ಕೆರೋಟಿಡ್ ಬಾಡಿ ಗಡ್ಡೆ ರಕ್ತದಿಂದ ತುಂಬಿರುತ್ತದೆ. ಗೊತ್ತಿಲ್ಲದೆ ಚುಚ್ಚಿದರೆ ಅಪಾಯ.

ಸಿ.ಟಿ. ತೆಗೆಯುವ ಕ್ರಮವೂ ಶಿಸ್ತಾಗಿದೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡದೆ ಕಾಂಟ್ರಾಸ್ಟ್ ಕೊಡುವುದಿಲ್ಲ. ತಲೆಬುರುಡೆಯ ತಳದಿಂದ ಎದೆಯ ಮೇಲ್ಭಾಗದವರೆಗೆ, ಭುಜ ಕೆಳಗೆಳೆದು, ಎಂಜಲು ನುಂಗದಂತೆ ಮಲಗಿಸಿ ಚಿತ್ರ ತೆಗೆಯುತ್ತಾರೆ. ಔಷಧಿ ಹೋದ ಒಡನೆಯೇ ಚಿತ್ರ ತೆಗೆದರೆ ರಕ್ತನಾಳ ಹೊಳೆಯುತ್ತದೆ, ಗಡ್ಡೆ ಬಣ್ಣ ಹೀರಿರುವುದಿಲ್ಲ. ಇಲ್ಲಿ ಒಂದು ನಿಮಿಷಕ್ಕಿಂತ ತುಸು ಹೆಚ್ಚೇ ಕಾಯುತ್ತಾರೆ, ಅದೇ ಸರಿ.

ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು ತೋಟಗಳಲ್ಲಿ ಬಹಳ. ಹೀಗಾಗಿ ಇಲ್ಲಿಗೆ ಮುಖ್ಯವಾದದ್ದು ಕೆನ್ನೆ ಮತ್ತು ವಸಡಿನ ನಡುವಿನ ಹುಣ್ಣು. ಬಾಯಿ ಸುಮ್ಮನೆ ಮುಚ್ಚಿದ್ದರೆ ಕೆನ್ನೆಯ ಒಳಪದರ ವಸಡಿಗೆ ಅಂಟಿಕೊಂಡಿರುತ್ತದೆ, ಹುಣ್ಣು ಯಾವುದರಿಂದ ಹುಟ್ಟಿತೆಂದು ತಿಳಿಯುವುದಿಲ್ಲ. ತುಟಿ ಬಿಗಿದು, ಕೆನ್ನೆ ಉಬ್ಬಿಸಿ, ಮೂಗಿನಲ್ಲಿ ಉಸಿರಾಡುತ್ತಾ ಇನ್ನೊಂದು ಸಲ ಸ್ಕ್ಯಾನ್ ಮಾಡಿದರೆ ನಡುವೆ ಗಾಳಿ ತುಂಬಿ ಎರಡೂ ಬೇರೆಯಾಗಿ ಕಾಣುತ್ತವೆ. ಈ ಸೆಂಟರಿನವರು ಕೇಳಿದರೆ ಮಾಡುತ್ತಾರೆ, ಕೇಳದಿದ್ದರೆ ಇಲ್ಲ. ಕೇಳಿ. ಟೇಬಲ್ ಹತ್ತುವ ಮೊದಲೇ ಕೆನ್ನೆ ಉಬ್ಬಿಸುವುದನ್ನು ಅಭ್ಯಾಸ ಮಾಡಿಸಲೂ ಹೇಳಿ. ಅಡಿಕೆಯಿಂದ ಬಾಯಿ ಬಿಗಿದುಕೊಂಡವರಿಗೆ ಇದು ಸುಲಭವಲ್ಲ.

ತೊಡಕಿರುವುದು ರಿಪೋರ್ಟಿನಲ್ಲಿ. ಸಂಜೆಯ ಮೇಲೆ ತೆಗೆದ ಚಿತ್ರಗಳನ್ನು ಹೊರ ಊರಿನಲ್ಲಿ ಕುಳಿತವರು ಓದುತ್ತಾರೆ. ರೋಗಿಯ ಬಾಯನ್ನು ಅವರು ನೋಡಿರುವುದಿಲ್ಲ. ‘ಕುತ್ತಿಗೆಯಲ್ಲಿ ಹಲವು ಲಿಂಫ್ ನೋಡ್‌ಗಳು (ದುಗ್ಧ ಗ್ರಂಥಿಗಳು) ದೊಡ್ಡದಾಗಿವೆ’ ಎಂಬ ಒಂದೇ ಸಾಲು ಬಂದರೆ ಆ ರಿಪೋರ್ಟನ್ನು ವಾಪಸ್ ಕೊಟ್ಟು ಪೂರ್ತಿ ಬರೆಸಬೇಕು. ಯಾವ ಪಕ್ಕ, ಕುತ್ತಿಗೆಯ ಯಾವ ಲೆವೆಲ್ (ವಿಭಾಗ), ಅಡ್ಡಳತೆ ಎಷ್ಟು, ಒಳಗೆ ಕೊಳೆತಿದೆಯೇ, ಅಂಚು ಒಡೆದು ಸುತ್ತಲಿನ ಕೊಬ್ಬಿಗೆ ಹಬ್ಬಿದೆಯೇ ಎಂದು ಇರಲೇಬೇಕು. 10 ಮಿ.ಮೀ. ಎಂಬ ಗಡಿಯೊಂದನ್ನೇ ಹಿಡಿದರೆ ಸಾಲದು: 7 ಮಿ.ಮೀ. ಇದ್ದು ನಡುವೆ ಕೊಳೆತ ನೋಡ್, 12 ಮಿ.ಮೀ. ಇದ್ದು ಹುರುಳಿಕಾಳಿನಂತೆ ಚಪ್ಪಟೆಯಾಗಿ ಒಳಗೆ ಕೊಬ್ಬು ಉಳಿಸಿಕೊಂಡ ನೋಡ್‌ಗಿಂತ ಹೆಚ್ಚು ಅನುಮಾನಕ್ಕೆ ಅರ್ಹ. ಕೊಳೆತಿದೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಎಂದೂ ಅಲ್ಲ. ನಮ್ಮಲ್ಲಿ ಕ್ಷಯದ ಗಂಟೂ ಹೀಗೆಯೇ ಕಾಣುತ್ತದೆ. ಸೂಜಿಯಲ್ಲಿ ತೆಗೆದದ್ದನ್ನು ಸೈಟಾಲಜಿಗೂ (ಜೀವಕೋಶಗಳ ಪರೀಕ್ಷೆ) ಸಿಬಿನ್ಯಾಟ್‌ಗೂ (ಕ್ಷಯದ ರೋಗಾಣು ಹುಡುಕುವ ಪರೀಕ್ಷೆ) ಕಳಿಸಿದರೆ ಮಾತ್ರ ಇತ್ಯರ್ಥ.

ಇನ್ನೊಂದು ಗಂಭೀರ ದೋಷ, ನಲವತ್ತು ದಾಟಿದವರ ಕತ್ತಿನ ಪಕ್ಕದ ನೀರುಗಂಟನ್ನು ‘ಬ್ರಾಂಕಿಯಲ್ ಸಿಸ್ಟ್’ ಎಂದು ಬರೆದು ಮುಗಿಸುವುದು. ಅದು ಹುಟ್ಟಿನಿಂದ ಬರುವ ದೋಷ, ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಈ ವಯಸ್ಸಿನಲ್ಲಿ ಟಾನ್ಸಿಲ್, ನಾಲಿಗೆಯ ಬುಡ ಅಥವಾ ಥೈರಾಯ್ಡಿನ ಕ್ಯಾನ್ಸರ್ ನೋಡ್‌ಗೆ ಹರಡಿ ನೀರಾಗಿರಬಹುದೆಂದು ಮೊದಲು ಯೋಚಿಸಬೇಕು.

ಕೆನ್ನೆಯ ಕ್ಯಾನ್ಸರಿನ ರಿಪೋರ್ಟಿನಲ್ಲಿ ದವಡೆ ಮೂಳೆಯ ಸವೆತ ಬರೆದಿರುತ್ತಾರೆ. ಅಗಿಯುವ ಸ್ನಾಯುಗಳಿಗೆ ಹೋಗಿದ್ದರೆ ದವಡೆಯ ಮೇಲಂಚಿನ ತಗ್ಗಿಗಿಂತ ಮೇಲೋ ಕೆಳಗೋ ಎಂಬುದನ್ನು ಹಲವು ಸಲ ಬಿಟ್ಟಿರುತ್ತಾರೆ. ಆಪರೇಷನ್ ಮಾಡಬಹುದೇ ಎಂಬ ತೀರ್ಮಾನ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿರುವಾಗ ಇದು ಸಣ್ಣ ಲೋಪವಲ್ಲ. ಹಗಲು ಇಲ್ಲೇ ಕೂರುವ ರೇಡಿಯಾಲಜಿಸ್ಟ್ ಮಾತ್ರ ಕೇಳಿದರೆ ಚಿತ್ರ ಮತ್ತೆ ತೆರೆದು ನೋಡಿ ಸೇರಿಸಿ ಕೊಡುತ್ತಾರೆ. ಆದ್ದರಿಂದ ಬೆಳಗ್ಗೆಯೇ ಹೋಗುವುದು ಒಳ್ಳೆಯದು.

ಚೀಟಿ ಬರೆಯುವ ವೈದ್ಯರಿಗೂ ಒಂದು ಮಾತು. ‘ಸಿ.ಟಿ. ನೆಕ್’ ಎಂದಷ್ಟೇ ಬರೆದರೆ ಓದುವವರು ಕತ್ತಲಲ್ಲಿ ತಡಕಾಡಬೇಕು. ಹುಣ್ಣು ಎಲ್ಲಿ, ಎಷ್ಟು ತಿಂಗಳಿಂದ, ಬಯಾಪ್ಸಿ ಆಗಿದೆಯೇ, ಹಲ್ಲು ಕಿತ್ತಿದೆಯೇ ಎಂದು ನಮೂದಿಸಿ; ಇತ್ತೀಚೆಗೆ ಹಲ್ಲು ಕಿತ್ತ ಗುಳಿ ಸ್ಕ್ಯಾನಿನಲ್ಲಿ ಮೂಳೆ ಸವೆತದಂತೆಯೇ ಕಾಣಬಹುದು.

ಎಂ.ಆರ್.ಐ. ಈ ಸೆಂಟರಿನಲ್ಲಿಲ್ಲ. ನಾಲಿಗೆಯ ಗಡ್ಡೆಯ ಆಳ, ನರಗುಂಟ ಹಬ್ಬಿದ ರೋಗ, ತಲೆಬುರುಡೆಯ ತಳ, ಕಿವಿಯ ಬಳಿಯ ಪರೋಟಿಡ್ ಜೊಲ್ಲುಗ್ರಂಥಿಯ ಒಳಭಾಗ, ಇವುಗಳಿಗೆ ಎಂ.ಆರ್.ಐ. ಇರುವಲ್ಲಿಗೇ ಹೋಗಬೇಕು. ಸಾಧ್ಯವಿದ್ದರೆ ಬಯಾಪ್ಸಿಗೆ ಮೊದಲೇ ಮಾಡಿಸಿ. ಆಮೇಲೆ ಆ ಜಾಗದ ಊತವೇ ಗಡ್ಡೆಯ ಅಳತೆಯನ್ನು ಕೆಡಿಸುತ್ತದೆ.

ಹೊರಡುವಾಗ ಫಿಲ್ಮ್ ಹಾಳೆಗಳನ್ನಷ್ಟೇ ಹಿಡಿದು ಬರಬೇಡಿ. ಡೈಕಾಮ್ (ಸ್ಕ್ಯಾನಿನ ಮೂಲ ಡಿಜಿಟಲ್ ರೂಪದ) ಚಿತ್ರಗಳಿರುವ ಸಿ.ಡಿ. ಕೇಳಿ, ಅದರಲ್ಲಿ 1 ಮಿ.ಮೀ. ತೆಳು ಪದರಗಳು, ಮಾಂಸಖಂಡಕ್ಕೊಂದು ಮೂಳೆಗೊಂದು ಸರಣಿ ಇವೆಯೇ ಎಂದು ಕೌಂಟರಿನಲ್ಲೇ ತೆರೆಸಿ ನೋಡಿ. 5 ಮಿ.ಮೀ. ಪದರಗಳಷ್ಟೇ ಇದ್ದರೆ ಮೈಸೂರಿನಲ್ಲಿ ಇನ್ನೊಮ್ಮೆ ಸ್ಕ್ಯಾನ್ ಬರೆಯುತ್ತಾರೆ, ಇನ್ನೊಮ್ಮೆ ದುಡ್ಡು, ಇನ್ನೊಮ್ಮೆ ಕಾಂಟ್ರಾಸ್ಟ್.