ಕಾಣೆ ಮೀನು, 48 ಸೀಕ್ವೆನ್ಸ್, ಮೂರು ಅಲೈನ್‌ಮೆಂಟ್ ಸಾಫ್ಟ್‌ವೇರ್

ಬೇರೆ ಬೇರೆ ಮೀನಿನ ಡಿಎನ್‌ಎ ಅಕ್ಷರಗಳ ಸಾಲುಗಳನ್ನು (ಸೀಕ್ವೆನ್ಸ್) ಹೋಲಿಸಲು ಒಂದರ ಕೆಳಗೊಂದು ಹೊಂದಿಸುವುದೇ ಅಲೈನ್‌ಮೆಂಟ್. ಅದಕ್ಕೆ ನಾನು ಕ್ಲಸ್ಟಲ್‌ಡಬ್ಲ್ಯು, ಮಸಲ್, ಮಾಫ್ಟ್ ಮೂರನ್ನೂ ನೋಡಿದೆ. ನನ್ನ ಓಟು ಮಾಫ್ಟ್‌ಗೆ. ಮೂರೂ ಬಿಟ್ಟಿಯಾಗಿ ಸಿಗುತ್ತವೆ, ಹಾಗಾಗಿ ದುಡ್ಡಿನ ಪ್ರಶ್ನೆ ಇಲ್ಲ. ಆದರೆ ಸೀಕ್ವೆನ್ಸಿಂಗ್‌ಗೆ ಕೈಯಿಂದ ದುಡ್ಡು ಹಾಕಿದ ಮೇಲೆ ಅಲೈನ್‌ಮೆಂಟ್‌ನಲ್ಲಿ ಎಡವಿದರೆ ಹೊಟ್ಟೆ ಉರಿಯುತ್ತದೆ.

ಎಂಎಸ್ಸಿ ಪ್ರಾಜೆಕ್ಟ್‌ಗೆ ಮಲ್ಪೆಯಿಂದಲೂ ಮಂಗಳೂರಿನ ಧಕ್ಕೆಯಿಂದಲೂ ಕಾಣೆ ತಂದಿದ್ದೆ. ಮಾರ್ಕೆಟ್‌ನಲ್ಲಿ ಎಲ್ಲವೂ ಕಾಣೆಯೇ. ಆದರೆ ಸಿಲ್ಲಾಗೋ ಕುಲದ ಬೇರೆ ಬೇರೆ ಜಾತಿಗಳು ನೋಡಲು ಒಂದೇ ಥರ ಇರುತ್ತವೆ. ಅದಕ್ಕೇ ಜಾತಿ ಗುರುತಿಸಲು ಬಳಸುವ, ಮೈಟೊಕಾಂಡ್ರಿಯದ ಸಿಒಐ ಜೀನ್, ಸುಮಾರು 650 ಅಕ್ಷರದ ತುಂಡು.

ಮೊದಲು ಮೆಗಾ ಅನ್ನುವ, ವಂಶವೃಕ್ಷ ಬಿಡಿಸುವ ಸಾಫ್ಟ್‌ವೇರ್ ಒಳಗೇ ಇರುವ ಕ್ಲಸ್ಟಲ್‌ಡಬ್ಲ್ಯು ಓಡಿಸಿದೆ. 1994ರದ್ದು, ಎಲ್ಲರಿಗೂ ಗೊತ್ತಿರುವುದು. ಯಾವ ಮೀನು ಯಾವುದಕ್ಕೆ ಹತ್ತಿರ ಅಂತ ತೋರಿಸುವ ಮರ ಬಿಡಿಸಿದರೆ 11 ಮೀನು ಬೇರೆಯೇ ಕೊಂಬೆಯಲ್ಲಿ, ತುಂಬಾ ದೂರ ಹೋಗಿ ಕೂತಿದ್ದವು. ಎರಡು ಜಾತಿ ಸಿಕ್ಕಿತು ಅಂತ ಖುಷಿಯಿಂದ ಗೈಡ್‌ಗೆ ಹೇಳಿಯೂ ಬಿಟ್ಟೆ.

ನಮ್ಮ ಲ್ಯಾಬಿನ ಸೀನಿಯರ್ ಅಕ್ಕ ಅಲೈನ್‌ಮೆಂಟ್ ತೆಗೆದು ನೋಡಿದರು. ಅಕ್ಷರ ಹೊಂದದ ಕಡೆ ಬಿಡುವ ಖಾಲಿ ಜಾಗ, ಅಂದರೆ ಗ್ಯಾಪ್, ತುಂಬಾ ಇತ್ತು. "ಇಷ್ಟೊಂದು ಗ್ಯಾಪ್ ಯಾಕೆ ಮಾರಾಯ್ತಿ? ಮೀನಿನ ಸಿಒಐಯಲ್ಲಿ ಗ್ಯಾಪ್ ಬರುವುದೇ ಅಪರೂಪ ಅಲ್ವಾ?" ಅಂದರು. ಆ 11ರಲ್ಲಿ ಒಂದನ್ನು ಬ್ಲಾಸ್ಟ್‌ಗೆ (ಸೀಕ್ವೆನ್ಸ್‌ಗೆ ಹೋಲುವುದನ್ನು ಡೇಟಾಬೇಸ್‌ನಲ್ಲಿ ಹುಡುಕುವ ಸಾಧನ) ಹಾಕಿದಾಗ ಸ್ಟ್ರ್ಯಾಂಡ್, ಅಂದರೆ ಎಳೆ, ಎದುರು 'ಪ್ಲಸ್/ಮೈನಸ್' ಅಂತ ಬಂತು. ಅಂದರೆ ನನ್ನ ಸೀಕ್ವೆನ್ಸ್ ಉಲ್ಟಾ ದಿಕ್ಕಿನದು. ಸೀಕ್ವೆನ್ಸಿಂಗ್ ಮಾಡಿದ ಲ್ಯಾಬಿನವರು ಆ 11ಕ್ಕೆ ರಿವರ್ಸ್ ಪ್ರೈಮರ್‌ನ ಓದನ್ನು (ಎದುರು ಎಳೆಯ ಕಡೆಯಿಂದ ಓದಿದ್ದು) ತಿರುಗಿಸದೆ ಹಾಗೇ ಕಳಿಸಿದ್ದರು. ಉಲ್ಟಾ ಎಳೆಯನ್ನೂ ಕ್ಲಸ್ಟಲ್ ಸುಮ್ನೆ ಎಳೆದಾಡಿ, ಗ್ಯಾಪ್ ತುಂಬಿ ಜೋಡಿಸಿಬಿಟ್ಟಿತ್ತು. ಒಂದು ಎಚ್ಚರಿಕೆಯ ಸಾಲೂ ಇಲ್ಲ.

ಮಸಲ್‌ನಲ್ಲೂ ಅದೇ ಕತೆ, ನಾವೇ ಒಂದೊಂದನ್ನೂ ಹುಡುಕಿ ತಿರುಗಿಸಬೇಕು.

ಮಾಫ್ಟ್‌ನಲ್ಲಿ 'ಅಡ್ಜಸ್ಟ್ ಡೈರೆಕ್ಷನ್' ಅಂತ ಒಂದು ಆಯ್ಕೆ ಇದೆ. ಅದನ್ನು ಹಾಕಿದೆ. 11ನ್ನೂ ತಾನೇ ತಿರುಗಿಸಿ, ಹೆಸರಿನ ಮುಂದೆ 'ಆರ್' ಗುರುತು ಇಟ್ಟಿತು. ಗ್ಯಾಪ್ ಎಲ್ಲ ಮಾಯ. ದೂರದ ಕೊಂಬೆಯೂ ಇಲ್ಲ, 48 ಮೀನೂ ಒಂದೇ ಗುಂಪಿಗೆ ಬಂದವು. ಒಂದೇ ಕಿರಿಕಿರಿ ಅಂದರೆ ಆ 'ಆರ್'ನಿಂದಾಗಿ ಹೆಸರುಗಳು ನನ್ನ ಎಕ್ಸೆಲ್ ಪಟ್ಟಿಗೆ ತಾಳೆಯಾಗುವುದಿಲ್ಲ. ಆಮೇಲೆ ಅಳಿಸಬೇಕು.

ಹಾಗಂತ ಮಸಲ್ ಬಿಟ್ಟಿಲ್ಲ. ಮೆಗಾದಲ್ಲಿ ಕೋಡಾನ್ (ಒಂದು ಅಮೈನೊ ಆಮ್ಲ ಸೂಚಿಸುವ ಮೂರಕ್ಷರ) ಲೆಕ್ಕದಲ್ಲಿ ಅಲೈನ್ ಮಾಡಲು ಅದೇ ನನಗೆ ಸಲೀಸು. ಆದರೆ ಜೆನೆಟಿಕ್ ಕೋಡ್ ಜಾಗದಲ್ಲಿ ಕಶೇರುಕಗಳ ಮೈಟೊಕಾಂಡ್ರಿಯದ್ದೇ ಇರಲಿ. ಸ್ಟ್ಯಾಂಡರ್ಡ್‌ನಲ್ಲಿ ಟಿಜಿಎ ಅಂದರೆ ಸ್ಟಾಪ್ (ಪ್ರೋಟೀನ್ ಅಲ್ಲಿಗೆ ಮುಗಿಯಿತು ಅಂತ), ಇಲ್ಲಿ ಅದು ಟ್ರಿಪ್ಟೊಫ್ಯಾನ್ ಅನ್ನುವ ಅಮೈನೊ ಆಮ್ಲ.

ವೇಗದ ಮಾತು ಬೇಡ. 48 ಸೀಕ್ವೆನ್ಸ್‌ಗೆ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಮೂರೂ ಬೇಗ ಮುಗಿಯುತ್ತವೆ. ಕಮಾಂಡ್ ಟೈಪ್ ಮಾಡಲು ಭಯ ಇರುವವರಿಗೆ ಮಾಫ್ಟ್ ವೆಬ್‌ಸೈಟ್‌ನಲ್ಲೂ ಇದೆ, ಈ ಆಯ್ಕೆಯ ಸಮೇತ.

ಒಂದು ಮಾತ್ರ ನೆನಪಿಡಿ. ಮಾಫ್ಟ್ ದಿಕ್ಕು ನೋಡುವುದು ಫೈಲಿನ ಮೊದಲ ಸೀಕ್ವೆನ್ಸ್ ಇಟ್ಟುಕೊಂಡು. ಅದೇ ಉಲ್ಟಾ ಇದ್ದರೆ ಉಳಿದದ್ದನ್ನೆಲ್ಲ ಅದರ ಕಡೆಗೇ ತಿರುಗಿಸುತ್ತದೆ. ಅದಕ್ಕೆ ನಾನೀಗ ಜೆನ್‌ಬ್ಯಾಂಕ್‌ನಿಂದ (ಸೀಕ್ವೆನ್ಸ್‌ಗಳ ಸಾರ್ವಜನಿಕ ಭಂಡಾರ) ಇಳಿಸಿ, ದಿಕ್ಕು ನೋಡಿಕೊಂಡ, ಕಾಣೆಯದೇ ಒಂದು ಜಾತಿಯಾದ ಸಿಲ್ಲಾಗೋ ಸಿಹಾಮದ ಸಿಒಐಯನ್ನೇ ಫೈಲಿನ ತಲೆಗೆ ಹಾಕುತ್ತೇನೆ.