ಗಂಜಿ ಹಾಕಿದ ಹಿಮಹರಳು, ಅಂಟಿಲ್ಲದ ನಕ್ಷತ್ರ: ಮಂಗಳೂರಿನ ಒಂದು ಕ್ರಿಸ್‌ಮಸ್ ಮಳಿಗೆ

ಮಂಗಳೂರಿನ ಚರ್ಚೊಂದರ ಸಭಾಂಗಣದ ಜಗಲಿಯಲ್ಲಿ ನವೆಂಬರ್ ಕೊನೆಗೆ ತೆರೆದು ಕ್ರಿಸ್‌ಮಸ್ ಮುನ್ನಾದಿನದ ಮಧ್ಯಾಹ್ನ ಮುಚ್ಚುವ ಈ ಮಳಿಗೆಗೆ ನಾಮಫಲಕವಿಲ್ಲ. ಆ ಚರ್ಚಿನ ಮಹಿಳೆಯರು ಮಳೆಗಾಲದಿಂದಲೇ ತಮ್ಮ ತಮ್ಮ ಮನೆಗಳಲ್ಲಿ ಮಾಡಿಟ್ಟ ಕ್ರೋಶಾ (ಕೊಕ್ಕೆಕಡ್ಡಿಯ ಹೆಣಿಗೆ) ಮತ್ತು ಕಾಗದದ ಅಲಂಕಾರ ವಸ್ತುಗಳನ್ನಲ್ಲದೆ ಬೇರೇನನ್ನೂ ಇಲ್ಲಿ ಮಾರುವುದಿಲ್ಲ. ಸಗಟು ಅಂಗಡಿಯಿಂದ ತಂದ ಪ್ಲಾಸ್ಟಿಕ್ ಗಂಟೆಯಾಗಲಿ, ಮಿನುಗು ತೋರಣವಾಗಲಿ, ಮಡಚಿಡುವ ಕ್ರಿಸ್‌ಮಸ್ ಮರವಾಗಲಿ ಮೇಜಿನ ಮೇಲೆ ಕಾಣುವುದಿಲ್ಲ. ಹಬ್ಬದ ದಿನಗಳಲ್ಲಿ ಕೈಕೆಲಸವೆಂಬ ಚೀಟಿ ಹೊತ್ತ ವಸ್ತುಗಳು ಎಲ್ಲ ಕಡೆ ಸಿಗುತ್ತವೆಯಾದರೂ ಅದೊಂದೇ ಕಾರಣಕ್ಕೆ ಅವನ್ನು ಕೊಳ್ಳಬೇಕಾಗಿಲ್ಲ, ಕೆಲಸವೂ ಚೆನ್ನಾಗಿರಬೇಕು, ಕೊಟ್ಟ ಹಣ ಮಾಡಿದವರ ಕೈಗೂ ಸೇರಬೇಕು ಎಂಬುದು ನನ್ನ ನಿಲುವು. ಈ ಎರಡು ಅಳತೆಗಳನ್ನೇ ಇಟ್ಟುಕೊಂಡು ಅಲ್ಲಿ ಕೊಂಡ ವಸ್ತುಗಳ ಬಗ್ಗೆ ಬರೆಯುತ್ತಿದ್ದೇನೆ.

ಕ್ರೋಶಾದ ವಿಷಯದಲ್ಲಿ ಎರಡನೆಯ ಅಳತೆ ವಿಶೇಷವಾಗಿ ಮುಖ್ಯವಾಗುತ್ತದೆ. ಎರಡು ಕಡ್ಡಿಗಳ ಹೆಣಿಗೆಯನ್ನು ಯಂತ್ರಗಳು ಬಹಳ ಹಿಂದೆಯೇ ವಶಮಾಡಿಕೊಂಡವು; ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಚೌಕಟ್ಟನ್ನು ರೂಪಿಸಿದ್ದು 1589ರಲ್ಲಿ. ಆದರೆ ಒಂದೇ ಕೊಕ್ಕೆಕಡ್ಡಿಯಿಂದ ಕುಣಿಕೆಯೊಳಗಿಂದ ಕುಣಿಕೆಯನ್ನು ಎಳೆದು, ಬೇಕೆಂದಾಗ ದಿಕ್ಕು ಬದಲಿಸಿ, ಮುಗಿದ ಸುತ್ತಿನ ಯಾವುದೋ ಒಂದು ಕಣ್ಣಿಗೆ ಮತ್ತೆ ಕೊಕ್ಕೆ ಹಾಕಿ ಮುಂದುವರಿಯುವ ಕ್ರೋಶಾವನ್ನು ವ್ಯಾಪಾರದ ಪ್ರಮಾಣದಲ್ಲಿ ಮಾಡಬಲ್ಲ ಯಂತ್ರ ಇಂದಿಗೂ ಬಂದಿಲ್ಲ. ಕ್ರೋಶಾ ಯಂತ್ರವೆಂಬ ಹೆಸರಿನಲ್ಲಿ ಮಾರಾಟವಾಗುವ ಯಂತ್ರಗಳು ಹೆಣೆಯುವ ಅಂಚುಪಟ್ಟಿಯ ರಚನೆಯೇ ಬೇರೆ. ಆದ್ದರಿಂದ ದೊಡ್ಡ ಅಂಗಡಿಯಲ್ಲಿ ಮೂವತ್ತು ರೂಪಾಯಿಗೆ ಸಿಗುವ ಕ್ರೋಶಾ ನಕ್ಷತ್ರವೂ ಯಾರೋ ಒಬ್ಬರ ಕೈಯಿಂದಲೇ ಬಂದದ್ದು. ಬೆಲೆ ಅಷ್ಟು ಇಳಿದಿದೆಯೆಂದರೆ ಇಳಿದಿರುವುದು ಆ ಕೈಯ ಕೂಲಿ. ಆಂಧ್ರದ ನರಸಾಪುರದ ಸುತ್ತಲಿನ ಹಳ್ಳಿಗಳಲ್ಲಿ 19ನೆಯ ಶತಮಾನದ ಮಿಷನರಿಗಳಿಂದ ಬೇರೂರಿದ ಕ್ರೋಶಾ ಲೇಸ್ ಇಂದಿಗೂ ಸಾವಿರಾರು ಮಹಿಳೆಯರ ಕಸುಬಾಗಿದ್ದು, 2024ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಊರಿನ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆ, ಜಿಐ) ದೊರೆತಿದೆ. ಅದೇ ನರಸಾಪುರದಲ್ಲಿ ಅಧ್ಯಯನ ನಡೆಸಿದ ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್, ರಫ್ತಾಗುವ ಲೇಸನ್ನು ದಿನವಿಡೀ ಹೆಣೆಯುವ ಹೆಂಗಸರ ದುಡಿಮೆಯನ್ನು ಗೃಹಿಣಿಯರ ಬಿಡುವಿನ ಕೆಲಸವೆಂದು ಎಣಿಸಿ ಕೂಲಿಯನ್ನು ತೀರಾ ಕೆಳಗಿಟ್ಟಿರುವುದನ್ನು 1982ರಲ್ಲಿಯೇ ವಿವರವಾಗಿ ತೋರಿಸಿಕೊಟ್ಟಿದ್ದರು.

ಮಂಗಳೂರಿನ ಈ ಮಳಿಗೆಯವರು ಆ ಪ್ರಶ್ನೆಯನ್ನು ಸರಳವಾಗಿ ಎದುರಿಸಿದ್ದಾರೆ. ಪ್ರತಿ ವಸ್ತುವಿಗೂ ದಾರದಲ್ಲಿ ಕಟ್ಟಿದ ಚೀಟಿಯ ಒಂದು ಬದಿಯಲ್ಲಿ ಬೆಲೆ, ಇನ್ನೊಂದು ಬದಿಯಲ್ಲಿ ಮಾಡಿದವರ ಹೆಸರಿನ ಮೊದಲಕ್ಷರ ಮತ್ತು ಕೆಲಸಕ್ಕೆ ಹಿಡಿದ ಸಮಯ. ಬೆಲೆಯ ಹತ್ತರಲ್ಲೊಂದು ಪಾಲು ಮಳಿಗೆಯ ಖರ್ಚಿಗೆ, ಉಳಿದದ್ದು ಮಾಡಿದವರಿಗೆ ಎಂದು ಲೆಕ್ಕದ ಪುಸ್ತಕ ಹಿಡಿದು ಕುಳಿತಿದ್ದ ಹಿರಿಯ ಬಾಯಮ್ಮ ವಿವರಿಸಿದರು. ಬೆಲೆಯಲ್ಲಿ ಚೌಕಾಸಿ ಮಾಡಿದವರಿಗೆ ಅವರು ಚೀಟಿಯನ್ನು ತಿರುಗಿಸಿ ಆ ಸಮಯವನ್ನು ಓದಿ ಹೇಳುತ್ತಿದ್ದರು. ಬೇರೆ ಮಳಿಗೆಗಳೂ ಹೀಗೆ ಮಾಡಬೇಕೆಂದು ನಾನು ಬಯಸುತ್ತೇನೆ.

ಮೇಜಿನ ಹೆಚ್ಚು ಭಾಗವನ್ನು ಆವರಿಸಿದ್ದು ಬಿಳಿ ಹಿಮಹರಳುಗಳು. ಅಂಗೈಯಗಲದ ಒಂದಕ್ಕೆ ₹150, ಚೀಟಿಯ ಪ್ರಕಾರ ಒಂದು ಗಂಟೆಯ ಕೆಲಸ. ನೂಲು ಮರ್ಸರೈಸ್ ಮಾಡಿದ, ಎಂದರೆ ಕ್ಷಾರದಲ್ಲಿ ಹದಗೊಳಿಸಿದ, 20ನೆಯ ನಂಬರಿನ ಹತ್ತಿಯದು. ತೆಳುವಾಗಿ, ತುಸು ಹೊಳಪಾಗಿ, ಎಳೆ ಬಿಡಿಸಿಕೊಳ್ಳದೆ ನಿಲ್ಲುವಂಥದ್ದು. ಕ್ರೋಶಾದ ಗುಣವನ್ನು ನೋಡಬೇಕಾದರೆ ವಸ್ತುವನ್ನು ತಿರುವಿ ಹಿಂಬದಿಯನ್ನು ನೋಡಬೇಕು: ನೂಲಿನ ತುದಿಯನ್ನು ಗಂಟು ಹಾಕಿ ಕತ್ತರಿಸಿದ್ದರೆ ಅದು ಕೆಲವೇ ತಿಂಗಳಲ್ಲಿ ಹೊರಗೆ ಇಣುಕುತ್ತದೆ, ಸೂಜಿಯಿಂದ ಹಲವು ಕಣ್ಣುಗಳ ಮೂಲಕ ಹಾಯಿಸಿ ಮುಗಿಸಿದ್ದರೆ ವರ್ಷಗಟ್ಟಲೆ ಬಾಳುತ್ತದೆ. ಇಲ್ಲಿನ ಹರಳುಗಳಲ್ಲಿ ತುದಿ ಎಲ್ಲಿ ಮುಗಿದಿದೆಯೆಂದು ಹುಡುಕಿದರೂ ಸಿಗಲಿಲ್ಲ. ಎಲ್ಲ ತೋಳುಗಳ ಬಿಗಿಯೂ ಒಂದೇ ಸಮನಾಗಿದ್ದುದರಿಂದ ತೂಗುಹಾಕಿದಾಗ ಯಾವ ಬದಿಗೂ ವಾಲದೆ ನೇರವಾಗಿ ತಿರುಗುತ್ತವೆ.

ಒಂದು ಆಕ್ಷೇಪವಿದೆ. ಕೆಲವು ಹರಳುಗಳಿಗೆ ಎಂಟು ತೋಳುಗಳಿವೆ. 1611ರಲ್ಲಿ ಪ್ರಾಗ್ ನಗರದಲ್ಲಿದ್ದ ಖಗೋಳಶಾಸ್ತ್ರಜ್ಞ ಯೋಹಾನೆಸ್ ಕೆಪ್ಲರ್ ತನ್ನ ಪೋಷಕನಿಗೆ ಹೊಸ ವರ್ಷದ ಉಡುಗೊರೆಯಾಗಿ ಬರೆದುಕೊಟ್ಟ ಪುಟ್ಟ ಪ್ರಬಂಧದಲ್ಲಿ ಹಿಮಹರಳಿಗೆ ಐದೂ ಅಲ್ಲ, ಏಳೂ ಅಲ್ಲ, ಆರೇ ಮೂಲೆಗಳೇಕೆ ಎಂದು ಕೇಳಿದ್ದ. ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ಷಟ್ಕೋನದ ಜಾಲವಾಗಿ ಸೇರುವುದೇ ಕಾರಣವೆಂದು ಈಗ ತಿಳಿದಿದೆ. ಕ್ರೋಶಾದಲ್ಲಿ ಆರನ್ನು ಪಾಲಿಸುವುದು ಕಷ್ಟವೂ ಅಲ್ಲ, ನಡುವಿನ ಉಂಗುರದಲ್ಲಿ ಹನ್ನೆರಡು ಕಂಬಗಳನ್ನು (ಎತ್ತರದ ಹೆಣಿಗೆಗಳನ್ನು) ಎತ್ತಿ ಎರಡೆರಡಕ್ಕೆ ಒಂದು ತೋಳನ್ನು ಬಿಟ್ಟರೆ ತಾನಾಗಿಯೇ ಆರಾಗುತ್ತದೆ. ಎಂಟು ತೋಳಿನವು ಹೂವುಗಳಾಗಿ ಬಹಳ ಸುಂದರವಾಗಿವೆ, ಹೂವೆಂದೇ ಅವನ್ನು ಮಾರಬಹುದು. ನೋಡುವವರಿಗೆ ಇದು ಸಣ್ಣ ವಿಷಯವೆನಿಸಬಹುದು, ಆದರೆ ಹಿಮವನ್ನು ಕಣ್ಣಾರೆ ಕಾಣದ ಮಕ್ಕಳು ಅದರ ರೂಪವನ್ನು ಕಲಿಯುವುದು ಇಂಥ ವಸ್ತುಗಳಿಂದಲೇ.

ಹರಳುಗಳು ನೆಟ್ಟಗೆ ನಿಲ್ಲುವುದಕ್ಕೆ ಸಾಬಕ್ಕಿಯ ಗಂಜಿಯಲ್ಲಿ ಅದ್ದಿ, ಥರ್ಮಾಕೋಲ್ ಹಲಗೆಯ ಮೇಲೆ ತೋಳುತೋಳಿಗೂ ಗುಂಡುಸೂಜಿ ಚುಚ್ಚಿ ಒಣಗಿಸಿದ್ದಾರೆ. ಗುಂಡುಸೂಜಿಗೆ ತುಕ್ಕು ಹಿಡಿಯುವಂತಿದ್ದರೆ ಬಿಳಿ ನೂಲಿನ ಮೇಲೆ ಕಂದು ಚುಕ್ಕೆಗಳು ಉಳಿಯುತ್ತವೆ. ಇಲ್ಲಿ ಒಂದು ಕಲೆಯೂ ಕಾಣಲಿಲ್ಲ. ಗಂಜಿಯ ಬದಲು ಬಿಳಿ ಅಂಟನ್ನು ನೀರಿನಲ್ಲಿ ಕದಡಿ ಬಳಿಯುವ ವಿಧಾನ ಈಗ ಹೆಚ್ಚು ಚಾಲ್ತಿಯಲ್ಲಿದ್ದು, ಕರಾವಳಿಯ ತೇವದ ಗಾಳಿಗೆ ಅದು ಗಂಜಿಗಿಂತ ಹೆಚ್ಚು ತಡೆಯುತ್ತದೆ ಎಂಬುದು ನಿಜ. ಆದರೂ ನನಗೆ ಗಂಜಿಯೇ ಮೆಚ್ಚು, ಏಕೆಂದರೆ ಅಂಟು ಕಾಲಕ್ರಮದಲ್ಲಿ ಹಳದಿಗಟ್ಟಬಹುದು ಮತ್ತು ನೂಲಿನೊಳಗೆ ಸೇರಿದ ಮೇಲೆ ಪೂರ್ತಿಯಾಗಿ ಹೊರಡುವುದಿಲ್ಲ, ಗಂಜಿಯನ್ನಾದರೋ ಬೆಚ್ಚಗಿನ ನೀರಿನಲ್ಲಿ ತೊಳೆದುಬಿಡಬಹುದು. ಹಬ್ಬ ಮುಗಿದ ಮೇಲೆ ಹಾಗೆ ತೊಳೆದು ಒಣಗಿಸಿಯೇ ಎತ್ತಿಡಬೇಕು. ಗಂಜಿಯೊಂದಿಗೆ ಪೆಟ್ಟಿಗೆಯಲ್ಲಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಲ್ಲದೆ ಜಿರಳೆಗಳೂ ಬರುತ್ತವೆ. ಈ ಮಾತನ್ನು ಚೀಟಿಯಲ್ಲಿ ಒಂದು ಸಾಲಿನಲ್ಲಿ ಬರೆಯಬೇಕಿತ್ತು. ಕೇಳಿದವರಿಗೆ ಮಾತ್ರ ಹೇಳುತ್ತಾರೆ, ಕೇಳದವರ ಹರಳುಗಳು ಮುಂದಿನ ಡಿಸೆಂಬರ್‌ವರೆಗೆ ಉಳಿಯುವುದು ಅನುಮಾನ.

ಇಡೀ ಮಳಿಗೆಯಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಕುಸ್ವಾರ್ ತಟ್ಟೆಯ ಮುಸುಕುಗಳು. ಕ್ರಿಸ್‌ಮಸ್‌ಗೆ ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕೀಸ್ ಮುಂತಾದ ಕುಸ್ವಾರ್ ತಿಂಡಿಗಳನ್ನು ತಟ್ಟೆಯಲ್ಲಿ ಜೋಡಿಸಿ ನೆರೆಹೊರೆಯವರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಕಳುಹಿಸುವ ವಾಡಿಕೆ ಈ ಊರಿನಲ್ಲಿ ಇಂದಿಗೂ ಗಟ್ಟಿಯಾಗಿದೆ. ಆ ತಟ್ಟೆಯನ್ನು ಮುಚ್ಚುವುದಕ್ಕೆಂದೇ ಹೆಣೆದ ದುಂಡನೆಯ ಮುಸುಕು ಇದು: ನಡುವೆ ಹೂವಿನ ವಿನ್ಯಾಸ, ಸುತ್ತಲೂ ಅನಾನಸಿನ ಆಕಾರದ ಎಂಟು ಕಟ್ಟುಗಳು, ಅಂಚಿನ ಪ್ರತಿ ಮೊನೆಗೂ ಪೋಣಿಸಿದ ಒಂದು ಗಾಜಿನ ಮಣಿ. ಮಣಿಗಳು ಬರಿಯ ಅಂದಕ್ಕಲ್ಲ, ಅವುಗಳ ಭಾರದಿಂದ ಮುಸುಕು ಗಾಳಿಗೆ ಹಾರದೆ ತಟ್ಟೆಯ ಅಂಚಿನಿಂದ ಕೆಳಗೆ ಸರಿಯಾಗಿ ಇಳಿದು ನಿಲ್ಲುತ್ತದೆ. ಒಂದರ ಬೆಲೆ ₹900. ದುಬಾರಿಯೆಂದು ಮುಂದೆ ಹೋದವರನ್ನು ಕಂಡೆ, ಆದರೆ ಚೀಟಿಯ ಹಿಂಬದಿಯಲ್ಲಿದ್ದ ಏಳು ಗಂಟೆಗಳನ್ನು ಭಾಗಿಸಿ ನೋಡಿದರೆ ಗಂಟೆಗೆ ಬೀಳುವ ಮೊತ್ತ ಹಿಮಹರಳಿಗಿಂತಲೂ ಕಡಿಮೆ. ಇದನ್ನು ₹1,100ಕ್ಕೆ ಏರಿಸಿದರೂ ನ್ಯಾಯವೇ ಆಗುತ್ತದೆ. ತೊಳೆದು ನೋಡಿದ್ದೇನೆ, ನೂಲು ಕುಗ್ಗಲಿಲ್ಲ, ಮಣಿ ಸಡಿಲವಾಗಲಿಲ್ಲ. ವರ್ಷದ ಉಳಿದ ದಿನಗಳಲ್ಲಿಯೂ ಅಡುಗೆಮನೆಯಲ್ಲಿ ಹಾಲಿನ ಪಾತ್ರೆಗೆ, ಹಣ್ಣಿನ ಬುಟ್ಟಿಗೆ ಬಳಕೆಯಾಗುವುದರಿಂದ ಹಬ್ಬದ ವಸ್ತುಗಳಲ್ಲಿ ಇದರಷ್ಟು ಸಾರ್ಥಕವಾದದ್ದು ಮತ್ತೊಂದಿಲ್ಲ.

ಯೇಸುವಿನ ಜನನದ ದೃಶ್ಯವನ್ನು ತೋರಿಸುವ ಗೋದಲಿಗೆಂದು ಮಾಡಿದ ಕ್ರೋಶಾ ಬೊಂಬೆಗಳ ಬಗ್ಗೆ ಅಷ್ಟೇ ಉತ್ಸಾಹದಿಂದ ಬರೆಯಲಾರೆ. ಮರಿಯಮ್ಮ, ಜೋಸೆಫ್, ಬಾಲಯೇಸು, ಕುರುಬ, ಎತ್ತು, ಕತ್ತೆ ಸೇರಿದ ಆರರ ಕಟ್ಟು ಇದು. ಮುಖಗಳು ಮುದ್ದಾಗಿವೆ, ಆದರೆ ಹತ್ತಿಯ ಬದಲು ಆಕ್ರಿಲಿಕ್ ನೂಲನ್ನು ಬಳಸಿರುವುದರಿಂದ ಮುಳಿಹುಲ್ಲಿನ ಗೋದಲಿಯಲ್ಲಿ ಇಟ್ಟಾಗ ಆ ನೂಲಿನ ಗಾಢ ಬಣ್ಣಗಳು ಕಣ್ಣಿಗೆ ಹೊಡೆಯುತ್ತವೆ. ಹೆಣಿಗೆಯೂ ಅಲ್ಲಲ್ಲಿ ಸಡಿಲವಾಗಿದ್ದು ಒಳಗಿನ ಬಿಳಿ ತುಂಬುಹತ್ತಿ ಇಣುಕುತ್ತದೆ. ಇಂಥ ಬೊಂಬೆಗಳಿಗೆ ನೂಲು ಬೇಡುವುದಕ್ಕಿಂತ ಸಣ್ಣ ಕೊಕ್ಕೆಕಡ್ಡಿಯನ್ನು ಹಿಡಿದು ಬಿಗಿಯಾಗಿ ಹೆಣೆಯುವುದೇ ಕ್ರಮ. ಎತ್ತು ಮತ್ತು ಕತ್ತೆಗೆ ಅಂಟಿಸಿದ ಪ್ಲಾಸ್ಟಿಕ್ ಕಣ್ಣುಗಳನ್ನು ತೆಗೆದು ಕಪ್ಪು ನೂಲಿನಿಂದ ಕಸೂತಿ ಮಾಡುವುದು ಒಳ್ಳೆಯದು, ಏಕೆಂದರೆ ಗೋದಲಿಯ ಮುಂದೆ ಮೊದಲು ಬಂದು ಕೂರುವವರು, ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ವಯಸ್ಸಿನ ಮಕ್ಕಳು.

ಕಾಗದದ ವಿಭಾಗಕ್ಕೆ ಬಂದರೆ, ಬಿದಿರಿನ ಕಡ್ಡಿಯ ಚೌಕಟ್ಟಿಗೆ ಬಣ್ಣದ ಕಾಗದ ಅಂಟಿಸಿ ದೀಪಾವಳಿಗೆ ಗೂಡುದೀಪ ಕಟ್ಟುವ ಕರಾವಳಿಯಲ್ಲಿ ಕ್ರಿಸ್‌ಮಸ್ ನಕ್ಷತ್ರಕ್ಕೆ ಕೈ ಹುಡುಕಬೇಕಾಗಿಲ್ಲ. ಇಲ್ಲಿನ ಐದು ಮೂಲೆಯ ದೊಡ್ಡ ನಕ್ಷತ್ರಗಳಲ್ಲಿ ಗೂಡುದೀಪದ ವಿದ್ಯೆಯೇ ಇದೆ: ಸೀಳಿದ ಬಿದಿರು, ಮೂಲೆಗಳಲ್ಲಿ ನೂಲಿನ ಕಟ್ಟು, ಮೈದಾ ಅಂಟಿನಿಂದ ಹಚ್ಚಿದ ಕಾಗದ, ಅಂಚಿಗೆ ಕತ್ತರಿಸಿದ ಜಾಲರಿ. ದಪ್ಪ ರಟ್ಟನ್ನು ಮಡಚಿ ರಂಧ್ರ ಕೊರೆದು ಮಾಡುವ, ಕಾರ್ಖಾನೆಯಿಂದ ಬರುವ ನಕ್ಷತ್ರಗಳಿಗಿಂತ ಇವು ಹಗುರ, ಬೆಳಕೂ ಮೈಯೆಲ್ಲ ಹರಡಿ ಮೃದುವಾಗಿ ಬರುತ್ತದೆ. ಒಳಗೆ ಎಲ್‌ಇಡಿ ಬಲ್ಬನ್ನೇ ಹಾಕಬೇಕು. ಹಳೆಯ ತಂತಿ ಬಲ್ಬಿನ ಬಿಸಿಗೆ ಕಾಗದ ಮೊದಲು ಬಣ್ಣಗೆಡುತ್ತದೆ, ತಾಗಿಕೊಂಡರೆ ಹೊತ್ತಿಕೊಳ್ಳಲೂಬಹುದು. ಮಳಿಗೆಯವರು ಹೋಲ್ಡರನ್ನು ನಡುವಿನ ಕಡ್ಡಿಗೆ ಭದ್ರವಾಗಿ ಕಟ್ಟಿ ಕೊಡುವುದು ಮೆಚ್ಚಬೇಕಾದ ಜಾಗ್ರತೆ. ಡಿಸೆಂಬರ್ ಇಬ್ಬನಿಗೆ ತೆರೆದ ಅಂಗಳದಲ್ಲಿ ತೂಗುಹಾಕಿದರೆ ಮೈದಾ ಅಂಟು ಬಿಡುತ್ತದೆಯಾದ್ದರಿಂದ ಜಗಲಿಯೊಳಗೇ ಕಟ್ಟುವುದು ಸರಿ.

ಪುಟ್ಟ ಕಾಗದದ ವಸ್ತುಗಳಲ್ಲಿ ಮೇಲುಗೈ ಫ್ರೋಬೆಲ್ ನಕ್ಷತ್ರದ್ದು. ಶಿಶುವಿಹಾರದ ಕಲ್ಪನೆಯನ್ನು ಜಗತ್ತಿಗೆ ಕೊಟ್ಟ ಜರ್ಮನಿಯ ಫ್ರೀಡ್ರಿಷ್ ಫ್ರೋಬೆಲ್ ಅವರ ಹೆಸರನ್ನು ಹೊತ್ತ ಈ ನಕ್ಷತ್ರಕ್ಕೆ ಬೇಕಾದದ್ದು ಒಂದೇ ಅಳತೆಯ ನಾಲ್ಕು ಕಾಗದದ ಪಟ್ಟಿಗಳು ಮಾತ್ರ. ಅವನ್ನು ಒಂದರೊಳಗೊಂದು ಹೆಣೆದು, ಮಡಿಸಿ, ಸಿಗಿಸಿದರೆ ಅಂಟಿನ ಹನಿಯೂ ಇಲ್ಲದೆ ಹದಿನಾರು ಮೊನೆಗಳು ಎದ್ದು ನಿಲ್ಲುತ್ತವೆ. ಪಟ್ಟಿಯ ಅಗಲದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕೊನೆಯ ಮೊನೆಗಳು ಕೂರುವುದಿಲ್ಲ, ಆದ್ದರಿಂದ ಕೆಲಸದ ನಿಜವಾದ ಪರೀಕ್ಷೆ ಕತ್ತರಿಸುವಲ್ಲಿಯೇ ಇದೆ. ಹಳೆಯ ಕ್ಯಾಲೆಂಡರಿನ ಗಟ್ಟಿ ಹಾಳೆಗಳಿಂದ ಕತ್ತರಿಸಿದ ಇಲ್ಲಿನ ಪಟ್ಟಿಗಳಲ್ಲಿ ಕನ್ನಡದ ಅಂಕಿಗಳೂ ತಿಥಿಗಳೂ ಮಡಿಕೆಗಳ ನಡುವೆ ಅಲ್ಲಲ್ಲಿ ಕಾಣಿಸಿಕೊಂಡು, ಹೊಸ ಬಣ್ಣದ ಕಾಗದ ಕೊಡಲಾರದ ಚೆಲುವನ್ನು ಕೊಟ್ಟಿವೆ. ಹನ್ನೆರಡರ ತೋರಣಕ್ಕೆ ₹360.

ಅದೇ ಜರ್ಮನಿಯ ಹೆರ್ನ್‌ಹುಟ್ ಊರಿನ ಹೆಸರಿನಿಂದ ಪ್ರಸಿದ್ಧವಾದ ಮೊರಾವಿಯನ್ ನಕ್ಷತ್ರದ ಮಾದರಿಯನ್ನೂ ಒಬ್ಬರು ಮಾಡಿದ್ದರು. 19ನೆಯ ಶತಮಾನದಲ್ಲಿ ಮೊರಾವಿಯನ್ ಎಂಬ ಕ್ರೈಸ್ತ ಪಂಥದ ವಸತಿಶಾಲೆಯಲ್ಲಿ ಜ್ಯಾಮಿತಿಯ ಪಾಠಕ್ಕೆಂದು ಹುಟ್ಟಿದ ಈ ನಕ್ಷತ್ರಕ್ಕೆ ಚೌಕ ಬುಡದ 17, ತ್ರಿಕೋನ ಬುಡದ 8 ಮೊನೆಗಳು ಬೇಕು. ಮಳಿಗೆಯ ಮಾದರಿಯಲ್ಲಿ ಲೆಕ್ಕ ಸರಿಯಿದೆ, ಕಾಗದ ಮಾತ್ರ ತೀರಾ ತೆಳು. ಎತ್ತಿಕೊಳ್ಳುವಾಗಲೇ ಒಂದು ಮೊನೆ ಒಳಗೆ ಕುಸಿಯಿತು. ಗಟ್ಟಿ ಕಾಗದದಲ್ಲಿ ಮಾಡಿದರೆ ಮುಂದಿನ ವರ್ಷ ಖಂಡಿತವಾಗಿ ಕೊಳ್ಳುತ್ತೇನೆ. ಕ್ವಿಲ್ಲಿಂಗ್ (ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ ಅಂಟಿಸುವ ಕಲೆ) ಶುಭಾಶಯ ಪತ್ರಗಳನ್ನು ಬಿಟ್ಟುಬಿಡಬಹುದು: ಅಂಟು ಸುರುಳಿಗಳಿಂದ ಹೊರಗೆ ಹರಿದಿದೆ, ಒಳಗೆ ಬರೆಯಲು ಜಾಗವಿಲ್ಲ, ಲಕೋಟೆಗೆ ಹಾಕಿದರೆ ಸುರುಳಿಗಳು ಚಪ್ಪಟೆಯಾಗುತ್ತವೆ.

ಕಟ್ಟಿಕೊಡುವ ಕ್ರಮ ಚೆನ್ನಾಗಿದೆ. ಹಿಮಹರಳುಗಳನ್ನು ಎರಡು ರಟ್ಟುಗಳ ನಡುವೆ, ಕಾಗದದ ನಕ್ಷತ್ರಗಳನ್ನು ಹಳೆಯ ಸಿಹಿತಿಂಡಿ ಪೆಟ್ಟಿಗೆಗಳಲ್ಲಿ ಇಟ್ಟು ಕೊಡುತ್ತಾರೆ, ಪ್ಲಾಸ್ಟಿಕ್ ಚೀಲ ಕೊಡುವುದಿಲ್ಲ. ಅಂಚೆಯಲ್ಲಿ ಕಳುಹಿಸುವ ವ್ಯವಸ್ಥೆ ಇಲ್ಲವಾದ್ದರಿಂದ ಮುಂಬಯಿ, ಕೊಲ್ಲಿ ದೇಶಗಳಲ್ಲಿರುವ ಮಂಗಳೂರಿನವರು ಊರಿಗೆ ಬರುವ ಸಂಬಂಧಿಕರಿಗೆ ಹೇಳಿಯೇ ತರಿಸಿಕೊಳ್ಳಬೇಕು. ಕುಸ್ವಾರ್ ಮುಸುಕುಗಳು ಡಿಸೆಂಬರ್ ಮೊದಲ ವಾರದಲ್ಲಿಯೇ ಮುಗಿದುಹೋಗುತ್ತವೆ. ನಿಮ್ಮ ತಟ್ಟೆಯ ಅಳತೆಗೇ ಬೇಕಿದ್ದರೆ ಅಕ್ಟೋಬರ್ ಮುಗಿಯುವುದರೊಳಗೆ ತಟ್ಟೆಯ ಅಗಲವನ್ನು ನೂಲಿನಿಂದ ಅಳೆದುಕೊಂಡು ಹೋಗಿ ಮುಂಗಡ ಕೊಟ್ಟು ಹೆಸರು ಬರೆಸಿ.