ಪೆಟ್ಟಿಗೆಯ ಮೇಲೆ ನೆಲ್ಸನ್, ಒಳಗೆ ರಾಡ್ನಿ

ಬ್ರಿಟನ್ನಿನ ಹಳೇ ಯುದ್ಧನೌಕೆಯೊಂದರ ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗೆ ಐದರಲ್ಲಿ ಮೂರು ಸ್ಟಾರ್. ಒಂದು ಸ್ಟಾರ್ ಎಲ್ಲಿ ಹೋಯಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಎಚ್‌ಎಂಎಸ್ ನೆಲ್ಸನ್ ಅಂತ ಇತ್ತು. ಒಳಗಿದ್ದ ಸ್ಟ್ಯಾಂಡಿನ ಫಲಕದಲ್ಲಿ ರಾಡ್ನಿ! ಕಂಪನಿಗೆ ಮೇಲ್ ಹಾಕಿದೆ. ಎರಡೂ ಒಂದೇ ಥರದ ಹಡಗು, ಪರವಾಗಿಲ್ಲ ಅಂತ ಉತ್ತರ ಬಂತು. ಅವಳಿ ಮಕ್ಕಳ ಹೆಸರು ಅದಲುಬದಲಾದರೆ ಪರವಾಗಿಲ್ಲ ಅನ್ನುತ್ತಾರಾ?

ಹೆಸರು ಬೆರಕೆ ಮಾಡುವುದು ಬ್ರಿಟನ್ನಿನ ನೌಕಾಪಡೆಗೂ ಗೊತ್ತಿತ್ತು ಅನ್ನಿ. ಮೊದಲ ಮಹಾಯುದ್ಧದಲ್ಲಿ ಜುಲು, ನುಬಿಯನ್ ಅನ್ನುವ ಎರಡು ಹಡಗುಗಳಿಗೆ ಪೆಟ್ಟಾಯಿತು. ಜುಲುವಿನ ಮುಂಭಾಗ, ನುಬಿಯನ್ನಿನ ಹಿಂಭಾಗ ಸೇರಿಸಿ ಒಂದೇ ಹಡಗು ಮಾಡಿ 'ಜುಬಿಯನ್' ಅಂತ ಕರೆದರು. ಅಲ್ಲಿ ಕಾರಣ ಇತ್ತು. ಇಲ್ಲಿ ಬರೀ ಪ್ಯಾಕಿಂಗ್ ಎಡವಟ್ಟು.

ಕಿಟ್ 1:700 ಅಳತೆಯದು, ಅಂದರೆ ನಿಜ ಹಡಗಿನ ಏಳುನೂರನೇ ಒಂದು ಪಾಲು. ಜೋಡಿಸಿದಾಗ ಸುಮಾರು 31 ಸೆಂಟಿಮೀಟರ್ ಉದ್ದ. ಡೆಕ್ ಹಿಂಬದಿಯಲ್ಲಿ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ. ಪುಟ್ಟಿ ಹಾಕಿ ಉಜ್ಜಲೇಬೇಕು. ಫಿರಂಗಿ ನಳಿಗೆಗಳಲ್ಲಿ ಎರಡು ಬಾಗಿದ್ದವು, ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಿದೆ. ಉಳಿದ ಭಾಗಗಳು ಸರಿಯಾಗಿ ಕೂರುತ್ತವೆ.

ಮಜಾ ಬಂದದ್ದು ಮೂರನೇ ದಿನ. ಆ ಕಾಲದ ಹೆಚ್ಚಿನ ಯುದ್ಧನೌಕೆಗಳಲ್ಲಿ ದೊಡ್ಡ ಫಿರಂಗಿಗಳು ಹಿಂದೆ ಮುಂದೆ ಹಂಚಿಹೋಗಿರುತ್ತವೆ. ಇದರಲ್ಲಿ 16 ಇಂಚಿನ ಒಂಬತ್ತೂ ಮುಂದೆಯೇ. ಬ್ರಿಜ್ಜು (ಹಡಗು ನಡೆಸುವವರು ನಿಲ್ಲುವ ಜಾಗ), ಹೊಗೆಕೊಳವೆ ಎಲ್ಲ ಹಿಂದಕ್ಕೆ. ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಅರೆ, ಥೇಟ್ ಎಣ್ಣೆ ಟ್ಯಾಂಕರ್! ಆಗಿನ ನಾವಿಕರಿಗೂ ಹಾಗೇ ಕಂಡಿತ್ತು. ನೌಕಾಪಡೆಗೆ ಎಣ್ಣೆ ತರುವ ಹಡಗುಗಳ ಹೆಸರು ಪ್ರೆಸ್ಟಾಲ್, ರಾಪಿಡಾಲ್ ಅಂತ ಇರುತ್ತಿದ್ದವು. ಅದೇ ಬಾಲ ಅಂಟಿಸಿ ಇವಕ್ಕೆ ನೆಲ್ಸಾಲ್, ರಾಡ್ನಾಲ್ ಅಂದರು. ಓದಿದಾಗ ಸುಮ್ನೆ ತಲೆಯಾಡಿಸಿದ್ದೆ. ಕೈಯಲ್ಲಿ ಹಿಡಿದಾಗ ನಗು ಬಂತು.

ಇನ್ನೊಂದು ಅಡ್ಡಹೆಸರು ಇದಕ್ಕಿಂತ ಚುರುಕು. 1922ರ ವಾಷಿಂಗ್ಟನ್ ಒಪ್ಪಂದ ಯುದ್ಧನೌಕೆಗೆ 35,000 ಟನ್ನಿನ ಮಿತಿ ಹಾಕಿತು. ಬ್ರಿಟನ್ ಅದಕ್ಕಿಂತ ದೊಡ್ಡ ಹಡಗುಗಳ ನಕ್ಷೆ ಮಾಡಿಟ್ಟುಕೊಂಡಿತ್ತು. ಆ ಯೋಚನೆಯನ್ನೇ ಕತ್ತರಿಸಿ ಈ ಜೋಡಿ ಕಟ್ಟಿದರು. ಬಾಲಕ ಜಾರ್ಜ್ ವಾಷಿಂಗ್ಟನ್ ಚೆರಿ ಮರ ಕಡಿದ ಕಥೆ ಇದೆಯಲ್ಲ? ವಾಷಿಂಗ್ಟನ್ ಕಡಿದದ್ದು ಅಂತ ಇವು 'ಚೆರಿ ಮರ'ಗಳಾದವು.

ಎರಡನೇ ಸ್ಟಾರ್ ಹೋದದ್ದು ಪುಸ್ತಿಕೆಯಿಂದ. ಬಣ್ಣಗಳ ಪಟ್ಟಿ ಚೆನ್ನಾಗಿದೆ, ಉಕ್ಕಿನ ದಪ್ಪವೂ ಇದೆ. ಹೆಸರಿನ ಬಗ್ಗೆ ಒಂದೇ ಸಾಲು: ಅಡ್ಮಿರಲ್ ನೆಲ್ಸನ್ ನೆನಪಿಗೆ ಅಂತ. ಅವರು ಗೆದ್ದ 1805ರ ಟ್ರಫಾಲ್ಗರ್ ಕದನದ ಹೆಸರೂ ಇಲ್ಲ, ಅಡ್ಡಹೆಸರಂತೂ ಇಲ್ಲವೇ ಇಲ್ಲ. ಹಡಗಿನ ಹೆಸರಿಡುವವರಿಗೆ ಅಡ್ಡಹೆಸರಿನ ಭಯ ಎಷ್ಟಿತ್ತು ಗೊತ್ತಾ? 1913ರಲ್ಲಿ ನೌಕಾ ಮಂತ್ರಿ ಚರ್ಚಿಲ್ ಒಂದು ಹೊಸ ಹಡಗಿಗೆ 'ಪಿಟ್' ಅನ್ನುವ ಹೆಸರು ಸೂಚಿಸಿದರು. ದೊರೆ ಐದನೇ ಜಾರ್ಜ್ ಒಪ್ಪಲಿಲ್ಲ. ನಾವಿಕರು ಅದಕ್ಕೆ ಪ್ರಾಸವಾಗುವ ಹೊಲಸು ಪದ ಹುಡುಕಿಯೇ ಹುಡುಕುತ್ತಾರೆ ಅನ್ನುವುದು ಅವರ ಅನುಮಾನ. ದೊರೆಯೇ ಒಂದು ಕಾಲಕ್ಕೆ ನೌಕಾಪಡೆಯಲ್ಲಿ ಇದ್ದವರು, ಹಡಗಿನವರ ಬಾಯಿ ಗೊತ್ತಿಲ್ಲದೆ ಇರುತ್ತದಾ!

ಕಿಟ್ ಕೊಳ್ಳಬಹುದಾ ಅಂದರೆ, ಪುಟ್ಟಿ ಉಜ್ಜಲು ತಾಳ್ಮೆ ಇದ್ದರೆ ಖಂಡಿತ. ಮೊದಲ ಸಲ ಮಾಡುವವರಿಗೆ ಬೇಡ, ರೇಲಿಂಗಿನ ಭಾಗಗಳು ತೀರಾ ಸಣ್ಣ, ಚಿಮಟದಿಂದ ಹಾರಿ ಹೋದರೆ ಮತ್ತೆ ಸಿಗುವುದಿಲ್ಲ.

ಫಲಕ ಕೊನೆಗೂ ಬದಲಾಗಿ ಬರಲಿಲ್ಲ. ತಿರುವಿಹಾಕಿ, ಹಿಂಬದಿಗೆ ಬಿಳಿ ಬಣ್ಣ ಬಳಿದು, ಸಣ್ಣ ಬ್ರಷ್ಷಿನಲ್ಲಿ 'ನೆಲ್ಸಾಲ್' ಅಂತ ನಾನೇ ಬರೆದೆ. ಅಕ್ಷರ ಸ್ವಲ್ಪ ಬಲಕ್ಕೆ ವಾಲಿದೆ.